ಗೇರುಬೀಜದ ಮೂಟೆಯೊಳಗೆ ಮಾಂಬಾ ಬಂದೀತೇ?

ಈ ಸಲದ ಅಂಕಣದ ಪ್ರಶ್ನೆಗಳೆಲ್ಲವೂ ಆಫ್ರಿಕದ ಕಪ್ಪು ಮಾಂಬಾ (ಬ್ಲ್ಯಾಕ್ ಮಾಂಬಾ) ಎಂಬ ಒಂದೇ ವಿಷದ ಹಾವಿನ ಸುತ್ತ ಇವೆ. ಬೈಕಂಪಾಡಿಯ ಓದುಗರೊಬ್ಬರು ಕಳುಹಿಸಿದ ಚಿತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿ, ಉತ್ತರವನ್ನು ಮುಂದಿನ ಬಾರಿ ಕೊಡುವುದಾಗಿ ತಿಳಿಸಿದ್ದೆವು. ಅಷ್ಟರಲ್ಲಿ ಮಂಗಳೂರು, ಉಡುಪಿಯ ಹಲವು ಕಡೆಗಳಿಂದ ಇನ್ನಷ್ಟು ಪತ್ರಗಳು ಬಂದವು. ಆಯ್ದ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಗೇರುಬೀಜದ ಗೋದಾಮಿನಲ್ಲಿ ಮೇಸ್ತ್ರಿ. ಆಫ್ರಿಕದಿಂದ ಬಂದ ಕಚ್ಚಾ ಬೀಜದ ಮೂಟೆಗಳನ್ನು ಸರಿಸುವಾಗ ಆರೇಳು ಅಡಿ ಉದ್ದದ, ಬೂದುಗಂದು ಬಣ್ಣದ ಹಾವೊಂದು ಸರ್ರನೆ ಹರಿದು ಗೋಡೆಯ ಬದಿಗೆ ಸೇರಿತು. ಇದು ‘ಬ್ಲ್ಯಾಕ್ ಮಾಂಬಾ’ ಎಂದು ಹೆದರಿ ಹುಡುಗರು ಎರಡು ದಿನ ಕೆಲಸಕ್ಕೆ ಬರಲಿಲ್ಲ. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಕಳುಹಿಸಿದ್ದೇನೆ. ಇದು ಯಾವ ಹಾವು? (ಬೈಕಂಪಾಡಿ)

ಉತ್ತರ: ನಿಮ್ಮ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹಾವಿನ ತಲೆ ಗೋಣಿಯ ಅಂಚಿನಿಂದ ಅರ್ಧ ಹೊರಗೆ ಬಂದಿದೆ. ತುಟಿಯ ಮೇಲಿನ ಹುರುಪೆಗಳ ನಡುವೆ ಕಾಡಿಗೆಯಲ್ಲಿ ಎಳೆದಂತೆ ಸಣ್ಣ ಕಪ್ಪು ಗೆರೆಗಳಿವೆ. ಕಣ್ಣು ದೊಡ್ಡದು, ಪಾಪೆ ದುಂಡಗೆ. ಮೈಯ ಹಿಂದಿನ ಅರ್ಧದಲ್ಲಿ ಕಪ್ಪು ಅಡ್ಡಪಟ್ಟೆಗಳು ಬಾಲದ ಕಡೆಗೆ ದಟ್ಟವಾಗುತ್ತ ಹೋಗಿವೆ. ಇದು ನಮ್ಮದೇ ಕೇರೆ ಹಾವು; ಇದಕ್ಕೆ ವಿಷವಿಲ್ಲ. ಇಲಿ ಇರುವಲ್ಲಿಗೆ ಕೇರೆ ಹುಡುಕಿಕೊಂಡು ಬರುತ್ತದೆ. ಅದು ಟಾಂಜಾನಿಯದಿಂದ ಹಡಗು ಹತ್ತಿ ಬಂದದ್ದಲ್ಲ, ಗೋದಾಮಿನ ಹಿಂದಿನ ಪೊದೆಯಿಂದ ಬಂದದ್ದು.

ಹುಡುಗರು ಹೆದರಿದ್ದನ್ನು ನಾನು ತಪ್ಪೆನ್ನಲಾರೆ, ಏಕೆಂದರೆ ಉದ್ದ, ಬಣ್ಣ, ಓಟ ಈ ಮೂರರಲ್ಲಿಯೂ ಕೇರೆಗೂ ಕಪ್ಪು ಮಾಂಬಾಕ್ಕೂ ದೂರದ ಹೋಲಿಕೆ ಇದೆ. ಕಪ್ಪು ಮಾಂಬಾದ ಮೈ ಕಪ್ಪಲ್ಲ. ಅದು ಬೂದು, ಮಾಸಲು ಹಸಿರು ಅಥವಾ ಕಂದು ಬಣ್ಣದ್ದು. ಕಪ್ಪಾಗಿರುವುದು ಅದರ ಬಾಯಿಯ ಒಳಭಾಗ. ನೇರಳೆ ಹಣ್ಣು ತಿಂದ ಮಗು ಬಾಯಿ ತೆರೆದರೆ ಕಾಣುವ ಆ ಕಪ್ಪುನೀಲಿಯನ್ನು ಇನ್ನೂ ಗಾಢಮಾಡಿ ಊಹಿಸಿಕೊಳ್ಳಿ. ಹೆದರಿದ ಮಾಂಬಾ ಬಾಯಿ ಅಗಲಿಸಿದಾಗ ಕಾಣುವುದು ಅದೇ. ತಲೆ ಸಪೂರವಾಗಿ, ನೀಳವಾಗಿ, ಬದಿಗಳಲ್ಲಿ ಚಪ್ಪಟೆಯಾಗಿರುವುದರಿಂದ ಆಫ್ರಿಕದಲ್ಲಿ ಅದನ್ನು ಶವಪೆಟ್ಟಿಗೆಯ ಆಕಾರಕ್ಕೆ ಹೋಲಿಸುತ್ತಾರೆ. ಬೆಳೆದ ಹಾವು ಸಾಮಾನ್ಯವಾಗಿ 2ರಿಂದ 3 ಮೀಟರ್ ಉದ್ದವಿರುತ್ತದೆ, ಕೆಲವು 4 ಮೀಟರನ್ನೂ ದಾಟುತ್ತವೆ. ವಿಷದ ಹಾವುಗಳಲ್ಲಿ ನಮ್ಮ ಕಾಳಿಂಗ ಸರ್ಪವನ್ನು ಬಿಟ್ಟರೆ ಇಷ್ಟು ಉದ್ದದ್ದು ಬೇರೆಯಿಲ್ಲ ಎನ್ನಬಹುದು.

ಇನ್ನು ಹಡಗಿನ ಮಾತು. ಆಫ್ರಿಕದಲ್ಲಿ ಬೀಜವನ್ನು ಬಿಸಿಲಿನಲ್ಲಿ ಒಣಗಿಸಿ, ಗೋಣಿಗೆ ತುಂಬಿ ಬಾಯಿ ಹೊಲಿದು, ಕಂಟೇನರಿನಲ್ಲಿ ಮುಚ್ಚಿ ವಾರಗಟ್ಟಲೆ ಕಡಲಿನಲ್ಲಿ ಸಾಗಿಸುತ್ತಾರೆ. ಮಾಂಬಾ ಮನುಷ್ಯರ ಓಡಾಟ ಕಂಡರೆ ದೂರ ಸರಿಯುವ ಹಾವು. ಹತ್ತಾರು ಜನ ಮೂಟೆ ಕಟ್ಟುವ ಅಂಗಳಕ್ಕೆ ಬಂದು ಒಳಗೆ ಸೇರಿಕೊಳ್ಳುವ ಸಂಭವ ತೀರಾ ಕಡಿಮೆ. ಗೋದಾಮಿನಲ್ಲಿ ನೀವು ಎಚ್ಚರವಹಿಸಬೇಕಾದದ್ದು ಊರಿನ ನಾಗರ ಹಾವು ಮತ್ತು ಕಟ್ಟು ಹಾವುಗಳ ವಿಷಯದಲ್ಲಿ. ಅವೂ ಇಲಿಯ ಹಿಂದೆಯೇ ಬರುತ್ತವೆ. ಸಂದಿಗೆ ಬರಿಗೈ ಹಾಕುವ ಮೊದಲು ಟಾರ್ಚಿನ ಬೆಳಕು ಬಿಟ್ಟು ನೋಡುವಂತೆ ಹುಡುಗರಿಗೆ ಹೇಳಿ. ಕೇರೆಯನ್ನು ಮಾತ್ರ ದಯವಿಟ್ಟು ಹೊಡೆಯಬೇಡಿ.

ಪ್ರಶ್ನೆ: ಕುದುರೆಯನ್ನೂ ಅಟ್ಟಿಸಿಕೊಂಡು ಹೋಗಿ ಕಚ್ಚುವಷ್ಟು ವೇಗ ಮತ್ತು ದ್ವೇಷ ಮಾಂಬಾಕ್ಕೆ ಇದೆ ಎಂದು ತರಗತಿಯಲ್ಲಿ ಮಕ್ಕಳು ಹೇಳುತ್ತಾರೆ. ನಾನೇನು ಉತ್ತರ ಕೊಡಲಿ? (ಶಿಕ್ಷಕಿ, ಕಾರ್ಕಳ)

ಉತ್ತರ: ಕುದುರೆಯ ಮಾತು ಕಟ್ಟುಕಥೆ. ಕಪ್ಪು ಮಾಂಬಾ ಜಗತ್ತಿನ ಅತಿ ವೇಗದ ಹಾವುಗಳಲ್ಲಿ ಒಂದು ಎಂಬುದು ಸರಿಯೇ, ಆದರೆ ಆ ವೇಗ ಹೆಚ್ಚೆಂದರೆ ಗಂಟೆಗೆ 20 ಕಿಲೋಮೀಟರಿನ ಒಳಗೆ, ಅದೂ ಸ್ವಲ್ಪ ದೂರಕ್ಕೆ ಮಾತ್ರ. ನಿಮ್ಮ ಶಾಲೆಯ ಓಟದ ಸ್ಪರ್ಧೆಯಲ್ಲಿ ಗೆದ್ದ ಹುಡುಗ ಇದಕ್ಕಿಂತ ಜೋರಾಗಿ ಓಡಬಲ್ಲ. ಅದು ತನ್ನ ಓಟವನ್ನು ಬಳಸುವುದು ತನ್ನ ಬಿಲ ಸೇರಿಕೊಳ್ಳುವುದಕ್ಕೆ.

ಈ ಬಿಲದ ಸಂಗತಿಯನ್ನು ಮಕ್ಕಳಿಗೆ ತಪ್ಪದೆ ಹೇಳಿ, ಏಕೆಂದರೆ ಅಟ್ಟಿಸಿಕೊಂಡು ಬರುತ್ತದೆ ಎಂಬ ಕಥೆಯ ಬೇರು ಅಲ್ಲಿದೆ. ಕಪ್ಪು ಮಾಂಬಾ ಬದುಕುವುದು ಸಹರಾದ ದಕ್ಷಿಣಕ್ಕಿರುವ ಹುಲ್ಲುಗಾವಲು, ಕುರುಚಲು ಕಾಡು ಮತ್ತು ಕಲ್ಲುಗುಡ್ಡಗಳಲ್ಲಿ. ಗೆದ್ದಲು ಬಿಟ್ಟುಹೋದ ಹುತ್ತ, ಮರದ ಪೊಟರೆ, ಬಂಡೆಯ ಬಿರುಕು ಇವುಗಳಲ್ಲಿ ಒಂದನ್ನು ಮನೆಮಾಡಿಕೊಂಡು, ಯಾರೂ ತೊಂದರೆ ಕೊಡದಿದ್ದರೆ ದೀರ್ಘಕಾಲ ಅಲ್ಲಿಗೇ ಮರಳಿ ಬರುತ್ತಿರುತ್ತದೆ. ಹುತ್ತದಲ್ಲಿ ಹಾವಿರುತ್ತದೆ ಎಂದು ತುಳುನಾಡಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಹುತ್ತವನ್ನು ಕಟ್ಟುವುದು ಗೆದ್ದಲು, ಹಾವು ಅಲ್ಲಿ ಬಂದು ಸೇರಿಕೊಳ್ಳುತ್ತದೆ ಎಂಬುದು ಎರಡೂ ಕಡೆ ಒಂದೇ. ಹಗಲಿನಲ್ಲಿ ಮಾಂಬಾ ಹುತ್ತದ ಬಳಿ ಬಿಸಿಲು ಕಾಯಿಸಿಕೊಂಡು ಬೇಟೆಗೆ ಹೊರಡುತ್ತದೆ. ಬಂಡೆಗಳ ನಡುವೆ ಬದುಕುವ, ಮೊಲದ ಗಾತ್ರದ ಹೈರಾಕ್ಸ್ ಎಂಬ ಪ್ರಾಣಿ, ಇಲಿ, ಅಳಿಲು, ಹಕ್ಕಿ, ನಮ್ಮ ಕಾಡುಪಾಪದ ದೂರದ ಬಂಧುವಾದ ಬುಷ್‌ಬೇಬಿ ಇವು ಅದರ ಆಹಾರ. ಈಗ ಒಬ್ಬ ಮನುಷ್ಯ ಗೊತ್ತಿಲ್ಲದೆ ಹಾವಿಗೂ ಅದರ ಹುತ್ತಕ್ಕೂ ನಡುವೆ ನಿಂತನೆಂದುಕೊಳ್ಳಿ. ಬೆದರಿದ ಹಾವು ಹುತ್ತದ ಕಡೆಗೇ ಓಡುತ್ತದೆ, ಅಂದರೆ ಆತನ ಕಡೆಗೇ ಓಡಿದಂತಾಗುತ್ತದೆ. ಅವನು ಬದುಕಿ ಮನೆಗೆ ಬಂದರೆ, ಹಾವು ನನ್ನನ್ನು ಅಟ್ಟಿಸಿಕೊಂಡು ಬಂತು ಎಂದೇ ಹೇಳುತ್ತಾನೆ. ಅವನು ಕಂಡದ್ದು ಹಾಗೆಯೇ.

ಓಡಲು ದಾರಿಯಿಲ್ಲದಾಗ ಅದರ ನಡತೆ ಬೇರೆ. ಮೈಯ ಮೂರರಲ್ಲೊಂದು ಭಾಗವನ್ನು ನೆಲದಿಂದ ಎತ್ತಿ, ಕತ್ತನ್ನು ಸ್ವಲ್ಪ ಅಗಲಿಸಿ (ನಾಗರ ಹಾವಿನಷ್ಟು ಅಗಲದ ಹೆಡೆಯಲ್ಲ, ಕಿರಿದಾದ ಪಟ್ಟಿ), ಕಪ್ಪು ಬಾಯಿಯನ್ನು ತೆರೆದು ಬುಸುಗುಟ್ಟುತ್ತದೆ. 3 ಮೀಟರಿನ ಹಾವು ಹೀಗೆ ನಿಂತಾಗ ಅದರ ತಲೆ ಮನುಷ್ಯನ ಸೊಂಟದ ಎತ್ತರಕ್ಕೆ ಬರುತ್ತದೆ. ಆ ಹೊತ್ತಿಗೆ ಅಲುಗಾಡದೆ ನಿಂತು, ಅದಕ್ಕೆ ದಾರಿ ಬಿಟ್ಟು ನಿಧಾನವಾಗಿ ಹಿಂದೆ ಸರಿದರೆ ಸಾಮಾನ್ಯವಾಗಿ ಅದು ತಗ್ಗಿ ಹೊರಟುಹೋಗುತ್ತದೆ. ಕೈ ಬೀಸಿದರೆ ಅಥವಾ ಕೋಲೆತ್ತಿದರೆ ಒಂದರ ಹಿಂದೆ ಒಂದರಂತೆ ಹಲವು ಸಲ ಕಚ್ಚುತ್ತದೆ. ಅದರ ಭಯಂಕರತೆ ಇರುವುದು ಇಲ್ಲಿ.

ದ್ವೇಷದ ಬಗ್ಗೆ ಇಷ್ಟೇ ಹೇಳಬಲ್ಲೆ. ಹಾವಿಗೆ ಹನ್ನೆರಡು ವರ್ಷದ ಹಗೆ ಇರುತ್ತದೆಂದು ನಾವೂ ಬಾಲ್ಯದಲ್ಲಿ ಕೇಳಿದ್ದೇವೆ. ಹಗೆ ಸಾಧಿಸಲು ಬೇಕಾದ ನೆನಪಿನ ಸಿದ್ಧತೆ ಹಾವಿನ ಮಿದುಳಿನಲ್ಲಿಲ್ಲ, ಮಾಂಬಾದಲ್ಲಿಯೂ ಇಲ್ಲ.

ಪ್ರಶ್ನೆ: ಮಾಂಬಾದ ವಿಷ ದೇಹದಲ್ಲಿ ಏನು ಮಾಡುತ್ತದೆ? ಅದು ನಾಗರ ಹಾವಿನ ವಿಷಕ್ಕಿಂತ ಹೇಗೆ ಬೇರೆ? (ಪಿ.ಯು.ಸಿ. ವಿದ್ಯಾರ್ಥಿನಿ, ಮಣಿಪಾಲ)

ಉತ್ತರ: ಕಪ್ಪು ಮಾಂಬಾ, ನಾಗರ, ಕಾಳಿಂಗ, ಕಟ್ಟು ಹಾವು, ಮಲ್ಪೆಯ ದೋಣಿಗಳ ಬಲೆಗೆ ಆಗಾಗ ಸಿಲುಕುವ ಕಡಲ ಹಾವು, ಇವೆಲ್ಲವೂ ಇಲಾಪಿಡೆ ಎಂಬ ಒಂದೇ ಕುಟುಂಬಕ್ಕೆ ಸೇರಿವೆ. ಮೇಲ್ದವಡೆಯ ಮುಂಭಾಗದಲ್ಲಿ ಮಡಚಲಾಗದ, ಗಿಡ್ಡ ವಿಷಹಲ್ಲು ಇರುವುದು ಮತ್ತು ವಿಷ ಮುಖ್ಯವಾಗಿ ನರಗಳ ಮೇಲೆ ಕೆಲಸಮಾಡುವುದು ಈ ಕುಟುಂಬದ ಗುರುತು. ಕಪ್ಪು ಮಾಂಬಾಕ್ಕೆ ಡೆಂಡ್ರೋಆಸ್ಪಿಸ್ ಪಾಲಿಲೆಪಿಸ್ ಎಂಬ ಹೆಸರು ಕೊಟ್ಟು ವಿವರಿಸಿದವರು ಆಲ್ಬರ್ಟ್ ಗುಂಥರ್, 1864ರಲ್ಲಿ. ಡೆಂಡ್ರೋಆಸ್ಪಿಸ್ ಎಂದರೆ ಮರದ ಹಾವು. ಈ ಪಂಗಡದ ಉಳಿದ ಮೂರು ಪ್ರಭೇದಗಳು ಹಸಿರು ಬಣ್ಣದವು, ಮರದ ಮೇಲೆಯೇ ಹೆಚ್ಚು ಬದುಕುವಂಥವು. ಕಪ್ಪು ಮಾಂಬಾ ಮಾತ್ರ ಮರವನ್ನು ಸಲೀಸಾಗಿ ಹತ್ತಿದರೂ ಹೆಚ್ಚಿನ ಹೊತ್ತು ನೆಲದ ಮೇಲಿರುತ್ತದೆ.

ವಿಷದ ಕೆಲಸವನ್ನು ತಿಳಿಯಲು ನಿಮ್ಮ ಊರಿನ ಅಡಿಕೆ ತೋಟವೊಂದನ್ನು ನೆನೆದುಕೊಳ್ಳಿ. ಕೆರೆಯ ಬದಿಯಲ್ಲಿ ಪಂಪು, ಅದಕ್ಕೊಂದು ಸ್ವಿಚ್ಚು, ತೋಟದಲ್ಲಿ ಸ್ಪ್ರಿಂಕ್ಲರ್‌ಗಳು. ನರದ ತುದಿಯೇ ಪಂಪು. ಅದು ಹೊರಬಿಡುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವೇ ನೀರು. ಸ್ನಾಯುವಿನ ಮೇಲಿರುವ ಗ್ರಾಹಕಗಳು ಸ್ಪ್ರಿಂಕ್ಲರಿನ ಬಾಯಿಗಳು. ನೀರು ತಲುಪಿದರೆ ಸ್ನಾಯು ಸಂಕುಚಿಸುತ್ತದೆ, ಪಂಪು ನಿಂತರೆ ಸಡಿಲವಾಗುತ್ತದೆ. ನಾಗರ ಹಾವಿನ ವಿಷದಲ್ಲಿರುವ ನರವಿಷ ಸ್ಪ್ರಿಂಕ್ಲರಿನ ಬಾಯಿಗಳಿಗೆ ಬಿರಡೆ ಹಾಕುತ್ತದೆ. ಪಂಪು ಸರಿಯಿದ್ದರೂ ನೀರು ಮಣ್ಣಿಗೆ ಬೀಳುವುದಿಲ್ಲ. ಮಾಂಬಾದ ವಿಷದಲ್ಲಿಯೂ ಇಂಥ ಬಿರಡೆಗಳಿವೆ. ಅದರ ಜೊತೆಗೆ ಡೆಂಡ್ರೋಟಾಕ್ಸಿನ್ ಎಂಬ, ಮಾಂಬಾಗಳಿಗೇ ವಿಶೇಷವಾದ ವಿಷದ್ರವ್ಯಗಳಿವೆ; ಕಪ್ಪು ಮಾಂಬಾದ ವಿಷದಲ್ಲಿ ಇವುಗಳ ಪಾಲೇ ದೊಡ್ಡದು. ನರದ ತುದಿಯಲ್ಲಿ ಪೊಟ್ಯಾಸಿಯಂ ಹೊರಹೋಗುವ ಸಣ್ಣ ದ್ವಾರಗಳಿದ್ದು, ಸಂಕೇತ ಮುಗಿದ ಕೂಡಲೇ ನರವನ್ನು ಶಾಂತಸ್ಥಿತಿಗೆ ತರುವುದು ಅವುಗಳ ಕೆಲಸ. ಡೆಂಡ್ರೋಟಾಕ್ಸಿನ್ ಆ ದ್ವಾರಗಳನ್ನು ಮುಚ್ಚುತ್ತದೆ. ಹೀಗಾಗಿ ಸ್ವಿಚ್ಚು ಒತ್ತಿದರೂ ಪಂಪು ನಿಲ್ಲುವುದಿಲ್ಲ, ನೀರು ಬೇಡದ ಹೊತ್ತಿನಲ್ಲೂ ಉಕ್ಕುತ್ತದೆ. ಕಚ್ಚಿಸಿಕೊಂಡವರ ಸ್ನಾಯುಗಳು ಅದುರತೊಡಗುವುದು ಇದರಿಂದ. ಬಿರಡೆಗಳ ಕೆಲಸ ಮೇಲುಗೈಯಾದಂತೆ ಪಾರ್ಶ್ವವಾಯು ಆವರಿಸುತ್ತದೆ.

ಕಚ್ಚಿದ ಹತ್ತು ನಿಮಿಷದಲ್ಲಿಯೇ ಬಾಯಿಯ ಸುತ್ತ ಜುಮುಜುಮು ಎನಿಸುವುದು, ನಾಲಿಗೆಗೆ ಲೋಹದ ರುಚಿ ಬರುವುದು ಶುರುವಾಗಬಹುದು. ಅನಂತರ ರೆಪ್ಪೆ ಜೋಲುತ್ತದೆ, ಎರಡೆರಡು ಕಾಣುತ್ತದೆ, ಎಂಜಲು ನುಂಗಲಾಗುವುದಿಲ್ಲ. ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ಸಾವು ಹೆಚ್ಚಾಗಿ 7ರಿಂದ 15 ಗಂಟೆಗಳಲ್ಲಿ, ಕೆಲವೊಮ್ಮೆ ಒಂದು ಗಂಟೆಯ ಒಳಗೆ. ಒಂದು ಸಲಕ್ಕೆ ಸರಾಸರಿ 100ರಿಂದ 120 ಮಿಲಿಗ್ರಾಂ ವಿಷ ಸಿಗುವ ಹಾವಿದು. ಮನುಷ್ಯನ ಪ್ರಾಣಕ್ಕೆ 10ರಿಂದ 15 ಮಿಲಿಗ್ರಾಂ ಸಾಕೆಂಬ ಅಂದಾಜಿದೆ. ಇಷ್ಟಾಗಿಯೂ, ಹನಿಗೆ ಹನಿ ತೂಗಿದರೆ ಇದಕ್ಕಿಂತ ತೀಕ್ಷ್ಣ ವಿಷದ ಟೈಪಾನ್ ಹಾವು ಆಸ್ಟ್ರೇಲಿಯದ ಒಳನಾಡಿನಲ್ಲಿದೆ. ಜನವಸತಿಯಿಂದ ದೂರವಿರುವ ಕಾರಣ ಅದರಿಂದ ಕಚ್ಚಿಸಿಕೊಂಡವರು ಬಹಳ ಅಪರೂಪ.

ನಿಮ್ಮ ಪಠ್ಯದಲ್ಲಿ ಸಿಗಲಾರದ ಇನ್ನೊಂದು ಸಂಗತಿಯನ್ನು ಸಂತೋಷದಿಂದ ಸೇರಿಸುತ್ತೇನೆ. ಇದೇ ಮಾಂಬಾದ ವಿಷದಲ್ಲಿ ಫ್ರಾನ್ಸಿನ ಸಂಶೋಧಕರು ನೋವು ನಿವಾರಿಸುವ, ಸಣ್ಣ ಪ್ರೋಟೀನುಗಳಾದ ಪೆಪ್ಟೈಡ್‌ಗಳನ್ನು ಕಂಡುಹಿಡಿದು 2012ರಲ್ಲಿ ಪ್ರಕಟಿಸಿದರು. ಮಾಂಬಾಲ್ಜಿನ್ ಎಂಬುದು ಅವುಗಳ ಹೆಸರು. ಇಲಿಗಳ ಮೇಲಿನ ಪ್ರಯೋಗದಲ್ಲಿ ಅವು ಮಾರ್ಫಿನ್‌ನಷ್ಟೇ ಬಲವಾಗಿ ನೋವು ತಗ್ಗಿಸಿದವು, ಆದರೆ ಮಾರ್ಫಿನ್‌ನಂತೆ ಉಸಿರಾಟವನ್ನು ಕುಗ್ಗಿಸಲಿಲ್ಲ.

ಪ್ರಶ್ನೆ: ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಹಾವಿನ ಚುಚ್ಚುಮದ್ದು ಮಾಂಬಾ ಕಚ್ಚಿದರೂ ಕೆಲಸ ಮಾಡುತ್ತದೆಯೇ? (ಬ್ರಹ್ಮಾವರ)

ಉತ್ತರ: ಇಲ್ಲ. ಪ್ರತಿವಿಷವನ್ನು ತಯಾರಿಸುವಾಗ ಕುದುರೆಗೆ ಹಾವಿನ ವಿಷವನ್ನು ಸಣ್ಣ ಸಣ್ಣ ಪ್ರಮಾಣದಲ್ಲಿ ಕೊಡುತ್ತ ಬಂದು, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಯಾವ ಹಾವಿನ ವಿಷ ಕೊಟ್ಟರೋ ಆ ಹಾವಿಗೆ ಮತ್ತು ಅದರ ತೀರಾ ಹತ್ತಿರದವಕ್ಕೆ ಮಾತ್ರ ಆ ಔಷಧ ಹೊಂದುತ್ತದೆ. ಭಾರತದ ಪ್ರತಿವಿಷ ನಾಗರ, ಕಟ್ಟು ಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳಿಗಾಗಿ ತಯಾರಾದದ್ದು. ಅದಕ್ಕೆ ಬೇಕಾದ ವಿಷದ ದೊಡ್ಡ ಪಾಲನ್ನು ಒದಗಿಸುತ್ತ ಬಂದಿರುವುದು 1978ರಲ್ಲಿ ಸ್ಥಾಪನೆಯಾದ ತಮಿಳುನಾಡಿನ ಇರುಳ ಬುಡಕಟ್ಟಿನ ಹಾವು ಹಿಡಿಯುವವರ ಸಹಕಾರ ಸಂಘ. ಮಾಂಬಾಕ್ಕೆ ಹೊಂದುವ ಪ್ರತಿವಿಷ ದಕ್ಷಿಣ ಆಫ್ರಿಕದಲ್ಲಿ ತಯಾರಾಗುತ್ತದೆ.

ಮಾಂಬಾದ ಮಾತು ಹಾಗಿರಲಿ, ಆಗುಂಬೆ ಘಾಟಿಯ ಕೆಳಗಿನ ತೋಟಗಳಿಗೂ ಇಳಿದುಬರುವ ನಮ್ಮ ಕಾಳಿಂಗ ಸರ್ಪಕ್ಕೂ ಈ ನಾಲ್ಕು ಹಾವಿನ ಪ್ರತಿವಿಷ ಹೊಂದುವುದಿಲ್ಲ. ಪಶ್ಚಿಮ ಘಟ್ಟದ ಕಾಳಿಂಗವೇ ಒಂದು ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ವಿಜ್ಞಾನಿಗಳು ಗುರುತಿಸಿ, ಕನ್ನಡದ ಹೆಸರನ್ನೇ ಉಳಿಸಿಕೊಂಡು ಓಫಿಯೋಫೇಗಸ್ ಕಾಳಿಂಗ ಎಂದು ಕರೆದರು. ಕಾಳಿಂಗ ಮನುಷ್ಯರನ್ನು ಕಚ್ಚುವುದು ತುಂಬ ವಿರಳ ಎಂಬುದೊಂದೇ ಸಮಾಧಾನ.

ಇದರಿಂದ ನಮ್ಮ ಪ್ರತಿವಿಷದ ಮೇಲೆ ಯಾರಿಗೂ ಅಪನಂಬಿಕೆ ಹುಟ್ಟಬಾರದು. ನಮ್ಮ ಪಕ್ಕದ ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದವರೊಬ್ಬರಿಗೆ ಒಂದು ಸಂಜೆ ಮಂಡಲದ ಹಾವು ಕಚ್ಚಿತು. ಮೊಣಕಾಲಿನ ಕೆಳಗೆ ಬಾಳೆಯ ಹಗ್ಗವನ್ನು ಬಿಗಿದು, ಸೊಪ್ಪು ಅರೆದು ಹಚ್ಚಿ, ಎರಡು ಗಂಟೆ ಮನೆಯಲ್ಲೇ ಕಳೆದರು. ನಾನು ನೋಡುವ ಹೊತ್ತಿಗೆ ಹಗ್ಗ ಚರ್ಮದೊಳಗೆ ಹೂತುಹೋಗಿತ್ತು, ಪಾದ ಹಲಸಿನಕಾಯಿಯಂತೆ ಊದಿತ್ತು. ಪ್ರತಿವಿಷದಿಂದ ಅವರು ಬದುಕಿದರು, ಕಾಲಿನ ಎರಡು ಬೆರಳು ಉಳಿಯಲಿಲ್ಲ. ಆ ಎರಡು ಗಂಟೆಯನ್ನು ನಾನು ಇಂದಿಗೂ ಮರೆತಿಲ್ಲ. ಮಾಂಬಾವನ್ನು ಜಗತ್ತು ಇಷ್ಟು ಹೆದರುವುದಕ್ಕೆ ಅದರ ವಿಷ ಎಷ್ಟು ಕಾರಣವೋ, ಆಫ್ರಿಕದ ಹಳ್ಳಿಗೂ ಪ್ರತಿವಿಷವಿರುವ ಆಸ್ಪತ್ರೆಗೂ ನಡುವಿನ ದಾರಿ ಅಷ್ಟೇ ಕಾರಣ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ ಎಂಬ ಅಂದಾಜಿದೆ, ಮತ್ತು ಇಲ್ಲಿ ಮಾಂಬಾ ಇಲ್ಲ. ಕರ್ನಾಟಕವು 2024ರಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿಮಾಡಲೇಬೇಕಾದ ಪಟ್ಟಿಗೆ ಸೇರಿಸಿತು. ಇದು ಬಹಳ ಹಿಂದೆಯೇ ಆಗಬೇಕಾಗಿದ್ದ ಕೆಲಸ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಎರಡು ಮಾಂಬಾಗಳು ಹೆಣೆದುಕೊಂಡು ನಿಂತ ದೃಶ್ಯವನ್ನು ಟಿ.ವಿ.ಯಲ್ಲಿ ನೋಡಿದೆ. ಅದು ಅವುಗಳ ಮಿಲನವೇ? (ಬಂಟ್ವಾಳ)

ಉತ್ತರ: ಅಲ್ಲ, ಅದು ಎರಡು ಗಂಡುಗಳ ಕುಸ್ತಿ. ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಲು ನೋಡುತ್ತದೆ. ಕಚ್ಚುವುದಿಲ್ಲ, ಸೋತದ್ದು ಸರಿದುಹೋಗುತ್ತದೆ. ನಮ್ಮ ಗದ್ದೆಯ ಬದುವಿನಲ್ಲಿ ಹೀಗೆ ಹೆಣೆದುಕೊಂಡು ಏಳುವ ಕೇರೆಗಳನ್ನು ಕಂಡು, ಕೇರೆಯೂ ನಾಗರವೂ ಕೂಡಿವೆ ಎಂದು ಹೇಳುವುದುಂಟು. ಅವೂ ಸಾಮಾನ್ಯವಾಗಿ ಎರಡು ಗಂಡು ಕೇರೆಗಳೇ. ಹೆಣ್ಣು ಮಾಂಬಾ 6ರಿಂದ 17 ಮೊಟ್ಟೆಗಳನ್ನು ಇಡುತ್ತದೆ, ಸುಮಾರು ಮೂರು ತಿಂಗಳಿಗೆ ಮರಿಗಳು ಹೊರಬರುತ್ತವೆ. ಕಾಳಿಂಗದಂತೆ ಎಲೆ ಒಟ್ಟಿ ಗೂಡು ಕಟ್ಟಿ ಕಾಯುವ ಪದ್ಧತಿ ಮಾಂಬಾಕ್ಕಿಲ್ಲ. ಅರ್ಧ ಮೀಟರ್ ಉದ್ದದ ಮರಿಗೆ ಹುಟ್ಟಿದ ದಿನವೇ ವಿಷವಿರುತ್ತದೆ.

ಪ್ರಶ್ನೆ: ನನ್ನ ಮಗ ಮೊಜಾಂಬಿಕ್‌ನ ಗೇರು ತೋಟವೊಂದಕ್ಕೆ ಕೆಲಸಕ್ಕೆ ಹೊರಟಿದ್ದಾನೆ. ಹಾವಿನ ವಿಷಯ ಕೇಳಿದಾಗಿನಿಂದ ನನಗೆ ನಿದ್ದೆ ಬರುತ್ತಿಲ್ಲ. ಅವನು ಏನೇನು ಜಾಗ್ರತೆ ಮಾಡಬೇಕು? (ಕುಂದಾಪುರ)

ಉತ್ತರ: ಅಮ್ಮ, ನಿಮ್ಮ ಮಗ ಅಲ್ಲಿ ವರ್ಷಗಟ್ಟಲೆ ಇದ್ದರೂ ಒಂದು ಮಾಂಬಾವನ್ನೂ ಕಾಣದೆ ಹಿಂದಿರುಗುವುದು ಹೆಚ್ಚು ಸಂಭವ. ಆದರೂ ನಿಮ್ಮ ಕಾಳಜಿ ಸರಿಯಾದದ್ದೇ. ಪೂರ್ವ ಆಫ್ರಿಕದ ಕರಾವಳಿಯಲ್ಲಿ ಕಪ್ಪು ಮಾಂಬಾದ ಜೊತೆಗೆ ಹಸಿರು ಮಾಂಬಾವೂ ಇದೆ. ಅದು ತೆಂಗು, ಮಾವು, ಗೇರು ಮರಗಳ ಎಲೆಗಳ ನಡುವೆ ಬದುಕುತ್ತದೆ, ಕಪ್ಪು ಮಾಂಬಾಕ್ಕಿಂತ ಸಣ್ಣದು, ಇನ್ನೂ ಸಂಕೋಚದ್ದು. ಆದುದರಿಂದ ಗೇರು ಕೊಯ್ಯುವಾಗ, ಗೆಲ್ಲು ಸವರುವಾಗ ಕೈ ಹಾಕುವ ಮೊದಲು ಎಲೆಗಳ ನಡುವೆ ಕಣ್ಣಾಡಿಸಲಿ. ನೆಲದಲ್ಲಿ ಮೊಣಕಾಲಿನವರೆಗೆ ಬರುವ ಬೂಟು, ರಾತ್ರಿ ಕೈಯಲ್ಲಿ ಟಾರ್ಚು ಇರಲಿ. ಹಳೆಯ ಹುತ್ತ ಮತ್ತು ಪೊಟರೆಗಳ ಹತ್ತಿರ ಬೇಡದೆ ಹೋಗಬಾರದು. ಮನೆಯ ಸುತ್ತ ಕಲ್ಲಿನ ರಾಶಿ, ಇಲಿಗಳು ಸೇರುವ ಕಾಳುಕಡ್ಡಿಯ ಚೀಲಗಳು ಇರಬಾರದು. ಹಾವು ಕಂಡರೆ ಹಿಡಿಯಲು, ಹೊಡೆಯಲು, ಹತ್ತಿರದಿಂದ ಚಿತ್ರ ತೆಗೆಯಲು ಹೋಗಕೂಡದು.

ಕಚ್ಚಿದರೆ ಕೊಯ್ಯುವುದು, ಹೀರುವುದು ಬೇಡ. ಕೈಯೋ ಕಾಲೋ ಅಲುಗದಂತೆ ಇಟ್ಟು, ಉಂಗುರ, ವಾಚು ತೆಗೆದು, ನಡೆಸದೆ ವಾಹನದಲ್ಲಿ ಕರೆದೊಯ್ಯಬೇಕು. ನರವಿಷದ ಹಾವುಗಳ ನಾಡಿನಲ್ಲಿ ಅಗಲವಾದ ಬಟ್ಟೆಯ ಪಟ್ಟಿಯನ್ನು ಇಡೀ ಕಾಲಿಗೆ ಸುತ್ತಿ ಅಲುಗದಂತೆ ಕಟ್ಟುವ ಕ್ರಮವೊಂದಿದೆ. ಹಗ್ಗ ಬಿಗಿಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ, ತಿಳಿದವರಿಂದ ಅವನು ಅದನ್ನು ಕೈಯಾರೆ ಮಾಡಿ ಕಲಿತುಕೊಳ್ಳಲಿ. ದಾರಿಯಲ್ಲಿ ಉಸಿರು ನಿಂತರೆ ಬಾಯಿಯಿಂದ ಬಾಯಿಗೆ ಉಸಿರು ಊದುತ್ತಲೇ ಇರಬೇಕು, ಏಕೆಂದರೆ ಈ ವಿಷದಲ್ಲಿ ಉಸಿರು ಸೋತ ಮೇಲೂ ಹೃದಯ ಸ್ವಲ್ಪ ಹೊತ್ತು ನಡೆಯುತ್ತಿರುತ್ತದೆ, ಉಸಿರು ಕೊಟ್ಟಷ್ಟು ಹೊತ್ತು ಬದುಕಿಸಬಹುದು. ಮತ್ತು ಕೆಲಸಕ್ಕೆ ಸೇರಿದ ಮೊದಲ ದಿನವೇ ಮಾಂಬಾದ ಪ್ರತಿವಿಷವೂ ವೆಂಟಿಲೇಟರೂ ಇರುವ ಆಸ್ಪತ್ರೆ ಯಾವುದು, ಅದಕ್ಕೆ ಎಷ್ಟು ಹೊತ್ತಿನ ದಾರಿ, ನಡುರಾತ್ರಿಯಲ್ಲಿ ವಾಹನ ಯಾರ ಬಳಿ ಸಿಗುತ್ತದೆ ಎಂಬುದನ್ನು ಕೇಳಿ ತಿಳಿದು, ಆ ಚೀಟಿಯನ್ನು ತನ್ನ ಜೇಬಿನಲ್ಲಿಯೂ ಕೋಣೆಯ ಬಾಗಿಲಿನ ಹಿಂದೆಯೂ ಇಟ್ಟುಕೊಳ್ಳಲಿ.